‘ನಂದು’ ಎನ್ನದ ಮನುಷ್ಯ

ಅವರ ಬಲಗೈ ಕಿರುಬೆರಳಿನ ಉಗುರು ಉದ್ದವಿತ್ತು. ಉಳಿದವನ್ನೆಲ್ಲ ಬುಡದವರೆಗೆ ಕತ್ತರಿಸಿ ಇದೊಂದನ್ನು ಮಾತ್ರ ಯಾಕೆ ಸಾಕಿಕೊಂಡಿದ್ದರೋ ದೇವರಿಗೇ ಗೊತ್ತು. ಹಳದಿಗಟ್ಟಿದ, ತುದಿ ಸ್ವಲ್ಪ ಒಳಕ್ಕೆ ಬಾಗಿದ ಉಗುರು. ಕೆಲಸ ಮಾಡುತ್ತ ಕೂತಿರುವಾಗ ಮೊದಲು ಹಿಂದಿನಿಂದ ಲವಂಗದ ವಾಸನೆ ಬರುತ್ತಿತ್ತು, ಆಮೇಲೆ ನನ್ನ ಹೆಗಲ ಮೇಲಿನಿಂದ ಆ ಉಗುರು ಬಂದು ಮಾನಿಟರಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. “ಇದೆಂಥದು? ನೀನು ಬರ್ದದ್ದಾ, ಬೆಕ್ಕು ಕೀಬೋರ್ಡ್ ಮೇಲೆ ನಡ್ದದ್ದಾ?” ನನ್ನ ಪರದೆಯ ಮೇಲೆ ಸಣ್ಣ ಸಣ್ಣ ಗೀರುಗಳು ಬಿದ್ದಿದ್ದವು. ಬಟ್ಟೆ ತಗೊಂಡು ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅವರು ನನ್ನ ಮೊದಲ ಕೆಲಸದ ಮೇಲಧಿಕಾರಿ. ಆಫೀಸಿನಲ್ಲಿ ಎಲ್ಲರೂ ‘ಸರ್’ ಎನ್ನುತ್ತಿದ್ದೆವು. ನಾನು ಅವರನ್ನು ದ್ವೇಷಿಸಿದಷ್ಟು ಇನ್ಯಾರನ್ನೂ ದ್ವೇಷಿಸಿಲ್ಲ. ಆದರೂ ಇಲ್ಲಿ ಬರೆಯಲು ಕೂತರೆ ಏಕವಚನ ಕೈಗೆ ಬರುತ್ತಿಲ್ಲ, ‘ಅವರು’ ಎಂದೇ ಬರುತ್ತಿದೆ. ಅದಕ್ಕೂ ನನಗೆ ಸಿಟ್ಟಿದೆ.

ಬೊಂಬಾಯಿಯ ಫೋರ್ಟಿನಲ್ಲಿ ಒಂದು ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಬ್ಯಾಂಕುಗಳಲ್ಲಿ ಪಾಸ್‌ಬುಕ್ ಅಚ್ಚು ಹಾಕುವ ಯಂತ್ರ ಇರುತ್ತದಲ್ಲ, ಅದನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಪ್ರೋಗ್ರಾಮು ಬರೆಯುವುದು ನಮ್ಮ ಕೆಲಸ. ಸಿಸ್ಟಮ್ಸ್ ಪ್ರೋಗ್ರಾಮರ್ ಎಂದರೆ ಹಾಗೇ. ಪರದೆಯ ಮೇಲೆ ಬಣ್ಣ ಬಣ್ಣದ ಗುಂಡಿ, ಚಿತ್ರ ಬರೆಯುವವರು ಬೇರೆ. ನಾವು ಅದರ ಕೆಳಗೆ, ಯಂತ್ರದ ಕಬ್ಬಿಣಕ್ಕೆ ತಾಗಿಕೊಂಡು ಇರುವವರು. ಎಲ್ಲ ಸರಿ ಇದ್ದರೆ ನಾವು ಇದ್ದೇವೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟ ದಿನ ಮಾತ್ರ ಊರಿಗೆಲ್ಲ ನಮ್ಮ ನೆನಪಾಗುತ್ತದೆ. ನಮ್ಮ ಪ್ರೋಗ್ರಾಮಿನ ತಳದ ಪದರವನ್ನು ಸರ್ ತಮ್ಮ ಚಿಕ್ಕ ವಯಸ್ಸಿನಲ್ಲಿ ಒಬ್ಬರೇ ಕೂತು ಬರೆದಿದ್ದರು. ಅದನ್ನು ಮುಟ್ಟುವ ಹಾಗಿರಲಿಲ್ಲ. ತೆರೆದು ನೋಡಿದರೂ “ಅಲ್ಲಿ ನಿನಗೆಂಥ ಕೆಲಸ?” ಎಂದು ಗದರುತ್ತಿದ್ದರು.

ಅವರು ಕುಂದಾಪುರದ ಕಡೆಯವರು. ಹುಡುಗರಾಗಿದ್ದಾಗ ಬೊಂಬಾಯಿಗೆ ಬಂದು ಗ್ರಾಂಟ್ ರೋಡಿನಲ್ಲಿ ನೆಲೆ ನಿಂತವರು. ನನ್ನ ಅಪ್ಪ ಅಮ್ಮ ಮೈಸೂರಿನವರು, ಅಪ್ಪನಿಗೆ ಇಲ್ಲಿ ಸರ್ಕಾರಿ ನೌಕರಿ, ನಾನು ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಮನೆಯಲ್ಲಿ ಊಟ ತಿಂಡಿಗೆ, ಜಗಳಕ್ಕೆ ಸಾಕಾಗುವಷ್ಟು ಕನ್ನಡ ನನ್ನ ಬಳಿ ಇತ್ತು, ಅಷ್ಟೇ. ಒಮ್ಮೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದು ಸರ್ ಕಿವಿಗೆ ಬಿತ್ತು. ಮರುದಿನದಿಂದ ನನ್ನ ಗ್ರಹಚಾರ ಶುರುವಾಯಿತು.

ಅವರದ್ದೊಂದು ಪದ್ಧತಿ ಇತ್ತು. ಯಾರೇ ಹೊಸ ಕೋಡ್ ಬರೆದರೂ ಅವರ ಮೇಜಿನ ಮುಂದೆ ಕೂತು ಸಾಲು ಸಾಲಾಗಿ ಓದಿ, ಅದು ಏನು ಮಾಡುತ್ತದೆಂದು ತಮ್ಮ ತಮ್ಮ ಮನೆಮಾತಿನಲ್ಲಿ ಹೇಳಬೇಕು. ಇಂಗ್ಲಿಷ್ ಕೂಡದು. ಮರಾಠಿಯವರು ಮರಾಠಿಯಲ್ಲಿ, ಗುಜರಾತಿಯವರು ಗುಜರಾತಿಯಲ್ಲಿ. ಅವರಿಗೆ ಎಲ್ಲವೂ ಬರುತ್ತಿತ್ತು. “ಇಂಗ್ಲಿಷಿನಲ್ಲಿ ಎಲ್ಲರೂ ಚಂದ ಸುಳ್ಳು ಹೇಳ್ತಾರೆ. ಮನೆಮಾತಿನಲ್ಲಿ ಹೇಳಿ ನೋಡುವ, ಅರ್ಥ ಆಗದೇ ಬರ್ದದ್ದು ಕೂಡ್ಲೇ ಸಿಕ್ಕಿ ಬೀಳ್ತದೆ” ಎನ್ನುತ್ತಿದ್ದರು. ನಾನು “ಇಲ್ಲಿ ಮೆಮೊರಿ ಅಲೊಕೇಟ್ ಮಾಡಿ...” ಎಂದು ಶುರು ಮಾಡಿದರೆ ಉಗುರು ಟಕ್ ಎನ್ನುತ್ತಿತ್ತು. “ಕನ್ನಡ!” ನಾನು ತಡವರಿಸಿ, “ಯಂತ್ರದ ಹತ್ರ ಸ್ವಲ್ಪ ಜಾಗ ಕೇಳಿ ಇಸ್ಕೋತೀನಿ ಸರ್” ಎನ್ನುವೆ. “ಹಾಂ. ಇಸ್ಕೊಂಡು?” “ಕೆಲ್ಸ ಆದ್ಮೇಲೆ ವಾಪಸ್ ಕೊಡ್ತೀನಿ.” “ಕೊಟ್ಟ ಮೇಲೆ?” “ಕೊಟ್ಟ ಮೇಲೆ... ಏನಿಲ್ಲ.” “ಏನಿಲ್ಲ ಅಲ್ಲ! ಕೊಟ್ಟ ಮೇಲೆ ಅದು ನಿನ್ನದ್ದಲ್ಲ. ಖೋಲಿ ಖಾಲಿ ಮಾಡಿ ಹೋದವ ಹಳೇ ಕೀಲಿ ಕಿಸೆಯಲ್ಲಿ ಇಟ್ಕೊಂಡು ಮತ್ತೆ ಬಂದು ಮಲಗಿದ್ರೆ ಹೊಸ ಬಾಡಿಗೆಯವ ಸುಮ್ನೆ ಇರ್ತಾನಾ? ಗಲಾಟೆ ಆಗ್ತದೆ. ಯಂತ್ರ ನಿಂತು ಹೋಗೋದು ಅಂದ್ರೆ ಅದೇ ಗಲಾಟೆ.”

ಕಾಲೇಜಿನಲ್ಲಿ ಯಾರೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ, ನಿಜ. ಆದರೆ ಹೇಳಿಕೊಡುವ ಮೊದಲು ಇಡೀ ಹಾಲಿಗೆ ಕೇಳುವ ಹಾಗೆ ಮರ್ಯಾದೆ ಕಳೆಯುತ್ತಿದ್ದರು. ನನ್ನನ್ನು ‘ಟೈಪಿಸ್ಟ್’ ಎಂದು ಕರೆದರು. ನನ್ನ ನಿಶ್ಚಿತಾರ್ಥವಾದಾಗ ಅಮ್ಮ ಮೈಸೂರುಪಾಕ್ ಮಾಡಿ ಕೊಟ್ಟಿದ್ದಳು, ಡಬ್ಬಿ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದೆ. ನಿಧಾನವಾಗಿ ಜಗಿದು ತಿಂದರು, ಇನ್ನೊಂದು ತುಂಡು ತೆಗೆದುಕೊಂಡರು, “ಸಿಹಿ ಚಂದ ಉಂಟು. ಕೋಡ್ ಮಾತ್ರ ಹಳಸಿದೆ” ಎಂದರು. ಶುಭಾಶಯ ಅನ್ನುವ ಮಾತು ಆ ಬಾಯಿಂದ ಬರಲಿಲ್ಲ. ಡಬ್ಬಿ ಮುಚ್ಚಿಕೊಂಡು ಬಂದು ಕೂತೆ, ಕಣ್ಣಲ್ಲಿ ನೀರು ತುಂಬಿ ಪರದೆಯೇ ಕಾಣಲಿಲ್ಲ.

ಇಷ್ಟೆಲ್ಲ ಇದ್ದೂ ಎಲ್ಲರೂ ಅವರ ಕೈಕೆಳಗೆ ಯಾಕೆ ಉಳಿದೆವು ಎಂದರೆ ಇನ್ನೊಂದು ಪದ್ಧತಿ ಇತ್ತು. ಯಾವುದಾದರೂ ಶಾಖೆಯಲ್ಲಿ ಯಂತ್ರ ನಿಂತು ಫೋನು ಬಂದರೆ, ತಪ್ಪು ಯಾರದೋ ಅವರು ತಾವಾಗಿಯೇ ಎದ್ದು ನಿಂತು ‘ನಂದು’ ಎನ್ನಬೇಕು. ಮರಾಠಿಯವರು ‘ಮಾಝಂ’, ಹಿಂದಿಯವರು ‘ಮೇರಾ’ ಎನ್ನುತ್ತಿದ್ದರು. “ಹುಡುಕ್ಲಿಕ್ಕೆ ಬಿಡ್ಬೇಡಿ. ಹುಡುಕೋದ್ರಲ್ಲೇ ಅರ್ಧ ದಿನ ಹೋಗ್ತದೆ, ಪಾಪ ಅಲ್ಲಿ ಪೆನ್ಶನಿನ ಮುದುಕರು ಲೈನಲ್ಲಿ ನಿಂತಿರ್ತಾರೆ” ಎನ್ನುತ್ತಿದ್ದರು. ಹಾಗೆ ಎದ್ದು ಹೇಳಿದವರಿಗೆ ಆ ದಿನ ಒಂದೇ ಒಂದು ಬೈಗುಳ ಇಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಬಾಯಿಗೊಂದು ಲವಂಗ ಹಾಕಿಕೊಂಡು, “ಬಾ, ನೋಡುವ” ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಉಳಿದ ಬೈಗುಳಗಳನ್ನೆಲ್ಲ ನುಂಗಿದ್ದೆ. ಈ ಮನುಷ್ಯ ಒರಟು, ಆದರೆ ನ್ಯಾಯವಂತ ಎಂದು ಅಮ್ಮನಿಗೂ ಹೇಳಿದ್ದೆ. ನನ್ನ ತಲೆ!

ತಿಂಗಳ ಮೊದಲ ದಿನಗಳು, ಪೆನ್ಶನ್ ಬರುವ ಹೊತ್ತು. ಬೆಳಿಗ್ಗೆ ಆಫೀಸಿಗೆ ಕಾಲಿಡುವಷ್ಟರಲ್ಲಿ ಫೋನುಗಳು ಹೊಡೆದುಕೊಳ್ಳುತ್ತಿದ್ದವು. ಒಂದು ದೊಡ್ಡ ಬ್ಯಾಂಕಿನ ಶಾಖೆ ಶಾಖೆಯಲ್ಲೂ ಪಾಸ್‌ಬುಕ್ ಯಂತ್ರ ಅರ್ಧ ಸಾಲು ಅಚ್ಚು ಹಾಕಿ ನಿಂತುಬಿಟ್ಟಿತ್ತು. ಹಿಂದಿನ ವಾರ ಹೊಸ ಮಾದರಿಯ ಯಂತ್ರಕ್ಕಾಗಿ ಕೋಡ್ ಬದಲಿಸಿದವಳು ನಾನು. ನಂದೇ ಇರಬೇಕೆಂದು ಎದ್ದು ನಿಲ್ಲುವವಳಿದ್ದೆ, ಆದರೂ ಒಮ್ಮೆ ನೋಡಿಬಿಡೋಣ ಎಂದು ಕೂತೆ. ಊಟದ ಹೊತ್ತಿಗೆ ಸಿಕ್ಕಿತು. ನನ್ನ ಸಾಲುಗಳಲ್ಲಿ ತಪ್ಪಿರಲಿಲ್ಲ. ಹೊಸ ಯಂತ್ರ ವೇಗದ್ದು, ಆ ವೇಗಕ್ಕೆ ತಳದ ಪದರದ ಒಂದು ಹಳೇ ಹುಳುಕು ಹೊರಗೆ ಬಿದ್ದಿತ್ತು. ಖೋಲಿ ಖಾಲಿ ಮಾಡಿ ಹೋದವನು ಹಳೇ ಕೀಲಿಯಿಂದ ಮತ್ತೆ ಒಳಗೆ ಬರುತ್ತಿದ್ದ. ಆ ಕೀಲಿ ಇಟ್ಟುಕೊಂಡವರು ಸರ್. ಯಾವ ತಪ್ಪಿಗಾಗಿ ನಮ್ಮನ್ನೆಲ್ಲ ಕುರಿಗಳ ಹಾಗೆ ಅಟ್ಟುತ್ತಿದ್ದರೋ ಅದೇ ತಪ್ಪು, ಅವರದೇ ಕೈಯದು.

ನಾನು ಹಿಗ್ಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮೆಲ್ಲಗೆ ಅವರ ಮೇಜಿಗೆ ಹೋಗಿ ಲ್ಯಾಪ್‌ಟಾಪ್ ಇಟ್ಟು ಸಾಲು ತೋರಿಸಿದೆ. ಕನ್ನಡದಲ್ಲೇ ಓದಿ ಹೇಳಿದೆ. ಅವರು ಬಹಳ ಹೊತ್ತು ನೋಡಿದರು. ಉಗುರು ಪರದೆಯನ್ನು ಮುಟ್ಟಲಿಲ್ಲ. “ಹ್ಞೂಂ” ಎಂದರು. ಅಷ್ಟೇ. ನಾನು ಸರಿಪಡಿಸಿದ್ದನ್ನು ತಮ್ಮ ಕಡತದಲ್ಲಿ ಹಾಕಿಕೊಂಡರು. ಯಂತ್ರಗಳು ಓಡತೊಡಗಿದವು.

ಮಧ್ಯಾಹ್ನ ಬ್ಯಾಂಕಿನ ಅಧಿಕಾರಿಯೊಬ್ಬ ಕೆಂಡಾಮಂಡಲವಾಗಿ ನಮ್ಮ ಆಫೀಸಿಗೇ ಬಂದ. ನಮ್ಮನ್ನೆಲ್ಲ ಮೀಟಿಂಗ್ ಕೋಣೆಗೆ ಕರೆದರು. “ಕಿಸ್ಕೀ ಗಲ್ತೀ ಹೈ? ನಾಮ್ ಬತಾವೋ ಮುಝೇ” ಎಂದು, ತಪ್ಪು ಮಾಡಿದವರ ಹೆಸರು ಬೇಕೆಂದು, ಮೇಜು ಗುದ್ದಿದ. ನಾನು ಸರ್ ಮುಖ ನೋಡಿದೆ. ಈಗ ಎದ್ದು ನಿಲ್ಲುತ್ತಾರೆ, ‘ನಂದು’ ಎನ್ನುತ್ತಾರೆ ಎಂದು ಕಾದೆ. ನನ್ನಲ್ಲಿ ಸಂಶಯವೇ ಇರಲಿಲ್ಲ. ಅವರು ಕೂತಲ್ಲಿಂದಲೇ ಆ ಉಗುರನ್ನು ನನ್ನ ಕಡೆ ಚಾಚಿದರು.

“ಇಸ್ ಲಡ್ಕೀ ಕಾ ಹೈ.”

ತಪ್ಪು ಈ ಹುಡುಗಿಯದಂತೆ. ಇಡೀ ಹಾಲಿನವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರ ಕಣ್ಣಿಗೆ ನಾನು ತಪ್ಪು ಮಾಡಿದವಳಷ್ಟೇ ಅಲ್ಲ, ಬೆಳಗ್ಗೆಯಿಂದ ಎದ್ದು ನಿಲ್ಲದೆ ಅಡಗಿ ಕೂತವಳು. ತಪ್ಪು ಮಾಡಿದ್ದಕ್ಕಿಂತ ಅದು ದೊಡ್ಡ ಅವಮಾನ.

ಆಫೀಸಿನ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಅವರು ಸಂಜೆ ಬನ್ಸ್ ತಿನ್ನುವುದು ಎಲ್ಲರಿಗೂ ಗೊತ್ತಿತ್ತು. ಹೋಗಿ ಎದುರಿಗೆ ಕೂತೆ.

“ಸರ್, ಅದು ನಿಮ್ದು ಅಂತ ನಿಮ್ಗೆ ಗೊತ್ತಿತ್ತು.”

“ಗೊತ್ತುಂಟು.” ಚಟ್ನಿಯಲ್ಲಿ ಬನ್ಸ್ ಅದ್ದಿದರು.

“ಮತ್ತೆ ನನ್ ಹೆಸ್ರು ಯಾಕೆ ಹೇಳಿದ್ರಿ?”

“ನನ್ನದ್ದು ಅಂದ್ರೆ ಅವ ಕೆಳಗಿನ ಕೋಡೆಲ್ಲ ಎತ್ತಿ ಬಿಸಾಡಿ, ಬೇರೆ ಕಂಪನಿಯಿಂದ ತರ್ತಾನೆ. ನಿನ್ನದ್ದು ಅಂದ್ರೆ ನಿನ್ನನ್ನು ಮಾತ್ರ ಎತ್ತಿ ಆಚೆ ಇಡ್ತಾನೆ. ನಿನಗೆ ವಯಸ್ಸುಂಟು, ಎಲ್ಲಿಯಾದ್ರೂ ಬದುಕ್ತೀ. ನನಗೆ ಎಂಥ ಉಂಟು?”

“ನಾಳೆ ಎಲ್ಲರ ಮುಂದೆ ನಿಂತು ಒಂದ್ಸಲ ಹೇಳಿ ಸರ್. ಬ್ಯಾಂಕಿನವರಿಗೆ ಬೇಡ. ನಮ್ಮವರ ಮುಂದೆ ಹೇಳಿ ಸಾಕು.”

ಅವರು ನನ್ನನ್ನು ನೋಡಿದರು. “ಚಾ ಕುಡೀತೀಯಾ?” ಎಂದರು.

ಸಾಂಬಾರಿನ ಬಟ್ಟಲು ಎತ್ತಿ ಮುಖಕ್ಕೆ ಎರಚಬೇಕೆನಿಸಿತು. ಎರಚಲಿಲ್ಲ, ಎದ್ದು ಬಂದೆ. ಎರಚಬೇಕಿತ್ತು.

ನನ್ನನ್ನು ಜೋಗೇಶ್ವರಿಗೆ ಹಾಕಿದರು. ಅಲ್ಲಿ ಕಂಪನಿಯ ಗಾಲಾ ಇತ್ತು, ಗೋದಾಮಿನಂಥ ಒಂದು ಶೆಡ್ಡು. ಬಂದ ಯಂತ್ರಗಳನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು, ಹಾಳೆ ತೂರಿಸಿ, ಅಚ್ಚು ಬರುತ್ತದೋ ಇಲ್ಲವೋ ನೋಡಿ ಮತ್ತೆ ಪೆಟ್ಟಿಗೆಗೆ ತುಂಬುವುದು. ಪಕ್ಕದ ಗಾಲಾದಲ್ಲಿ ಪ್ಲಾಸ್ಟಿಕ್ ಮಗ್ಗು ಅಚ್ಚು ಹೊಡೆಯುತ್ತಿದ್ದರು, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಸೀರೆ, ಕೂದಲಿಗೆಲ್ಲ ಅಂಟಿಕೊಳ್ಳುತ್ತಿತ್ತು. ಕೋಡ್ ಬರೆಯುವ ಹಾಗಿರಲಿಲ್ಲ. ಫೋರ್ಟಿನಿಂದ ಯಾರೂ ಫೋನು ಮಾಡಲಿಲ್ಲ. ಒಂದು ಮಳೆಗಾಲ ಅಲ್ಲಿ ಕಳೆದು, ಬೇರೆ ಕೆಲಸ ಹುಡುಕಿಕೊಂಡು ಹೋದೆ. ಹೊಸ ಕಡೆ ಸಂದರ್ಶನದಲ್ಲಿ ಎಲ್ಲ ಉತ್ತರಗಳನ್ನೂ ಮೊದಲು ಕನ್ನಡದಲ್ಲಿ ಯೋಚಿಸಿ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ ಎನ್ನುವುದು ಹೊರಗೆ ಬಂದ ಮೇಲೆ ಹೊಳೆಯಿತು. ಹಾಳಾದವರು, ಅಲ್ಲೂ ಬಂದು ಕೂತಿದ್ದರು.

ವರ್ಷಗಳು ಕಳೆದವು. ಈಗ ನಾನು ಅಂಧೇರಿಯ ಒಂದು ಕಂಪನಿಯಲ್ಲಿ ಸಣ್ಣ ತಂಡ ನಡೆಸುತ್ತೇನೆ. ಆಸ್ಪತ್ರೆಗಳ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಯಂತ್ರಗಳಿಗೆ ಕೋಡ್ ಬರೆಯುತ್ತೇವೆ. ತಳದ ಪದರ ನಾನು ಬರೆದದ್ದು. ಈಚೆಗೆ ಆ ಯಂತ್ರಗಳು ಆಗಾಗ ಕಾರಣವಿಲ್ಲದೆ ನಿಲ್ಲತೊಡಗಿದವು. ಕೋಡನ್ನು ಕೊನೆಯ ಸಲ ಮುಟ್ಟಿದವಳು ಹೆರಿಗೆ ರಜೆ ಮುಗಿಸಿ ಬಂದ ಒಬ್ಬ ಮರಾಠಿ ಸಹೋದ್ಯೋಗಿ. ಬುದ್ಧಿವಂತೆ, ಆದರೆ ನಿದ್ದೆಗೆಟ್ಟು ಕಣ್ಣು ಗುಳಿಬಿದ್ದಿದ್ದವು. ಮ್ಯಾನೇಜರ್ ನನ್ನನ್ನು ಕರೆದು, “ಉಸ್ಕಾ ಧ್ಯಾನ್ ಘರ್ ಪೇ ಹೈ” ಎಂದ. ಗಮನವೆಲ್ಲ ಮನೆಯ ಕಡೆಗೇ ಇದೆ, ಅವಳನ್ನು ಟೆಸ್ಟಿಂಗ್‌ಗೆ ಹಾಕೋಣ ಎಂದು ಹಿಂದಿಯಲ್ಲೇ ಹೇಳಿದ. ನಾನು ಸೋಮವಾರ ಹೇಳ್ತೀನಿ ಎಂದೆ.

ಅದೇ ವಾರ ಹಳೇ ಆಫೀಸಿನವರೊಬ್ಬರು ಫೋನು ಮಾಡಿ, ಸರ್‌ಗೆ ಶ್ವಾಸಕೋಶದ ಕಾಯಿಲೆ, ಬಹಳ ದಿನ ಇಲ್ಲವಂತೆ, ಹೋಗಿ ನೋಡಿ ಬಾ ಎಂದರು. ಭಾನುವಾರ ಮಧ್ಯಾಹ್ನ ಗ್ರಾಂಟ್ ರೋಡಿಗೆ ಹೋದೆ. ಸುಳ್ಳು ಯಾಕೆ, ನಾನು ಹೋದದ್ದು ನೋಡುವುದಕ್ಕಲ್ಲ, ಕೇಳುವುದಕ್ಕೆ. ಸಾಯುವ ಮೊದಲು ಆ ಬಾಯಿಂದ ಆ ಒಂದು ಮಾತು ಕೇಳಬೇಕಿತ್ತು.

ಹಳೇ ಬಿಲ್ಡಿಂಗು, ಮರದ ಮೆಟ್ಟಿಲು. ಅವರ ಹೆಂಡತಿ ಬಾಗಿಲು ತೆರೆದು ಒಳಗೆ ಕರೆದರು. ಸರ್ ಕಿಟಕಿ ಪಕ್ಕ ಮಂಚದಲ್ಲಿ ದಿಂಬಿಗೆ ಒರಗಿದ್ದರು, ಮೂಗಿಗೆ ನಳಿಗೆ. ನನ್ನ ಕಣ್ಣು ಮೊದಲು ಹೋದದ್ದು ಕಿರುಬೆರಳಿಗೆ. ಉಗುರನ್ನು ಯಾರೋ ಕತ್ತರಿಸಿಬಿಟ್ಟಿದ್ದರು.

“ದಪ್ಪ ಆಗಿದ್ದೀ” ಎಂದರು.

ಅವರ ಹೆಂಡತಿ ಚಹಾ ಮಾಡಲು ಒಳಗೆ ಹೋದರು. ನಾನು ಸುತ್ತು ಬಳಸಲಿಲ್ಲ. “ಸರ್, ಪಾಸ್‌ಬುಕ್ ಯಂತ್ರ ಎಲ್ಲಾ ಕಡೆ ನಿಂತೋಯ್ತಲ್ಲ, ಬ್ಯಾಂಕಿನವನು ಬಂದು ಮೇಜು ಗುದ್ದಿದ್ನಲ್ಲ. ಅದು ಯಾರ್ದು?”

“ಯಾವುದು? ಎಷ್ಟೋ ಸಲ ನಿಂತಿದೆ ಮಾರಾಯ್ತಿ.”

“ನನ್ನ ಜೋಗೇಶ್ವರಿಗೆ ಹಾಕಿದ್ರಲ್ಲ ಸರ್, ಆವಾಗಿಂದು.”

ಅವರು ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು. “ಓ, ಜೋಗೇಶ್ವರಿಗೆ ಹೋಗಿದ್ದಿ ಅಲ್ವಾ ನೀನು. ಯಾಕೆ ಹೋದದ್ದು?”

ನಾಟಕವೋ ಎಂದು ಮುಖವನ್ನೇ ದಿಟ್ಟಿಸಿದೆ. ನಾಟಕ ಇರಲಿಲ್ಲ. ನಿಜವಾಗಿ ಮರೆತಿದ್ದರು. ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಆ ಮನುಷ್ಯ ಒಂದು ದಿನವೂ ಇಟ್ಟುಕೊಂಡಿರಲಿಲ್ಲ. ಬೈಯಲು ಬಂದವಳಿಗೆ ಎದುರಿಗೆ ಆಸಾಮಿಯೇ ಇಲ್ಲ.

“ಈಗ ಎಂಥ ಬರೀತಿದ್ದೀ? ಹೇಳು” ಎಂದರು. ದನಿ ಸೋತಿತ್ತು, ಗತ್ತು ಹೋಗಿರಲಿಲ್ಲ.

ನನ್ನ ಬುದ್ಧಿಗೆ ಏನನ್ನಬೇಕು, ಹೇಳತೊಡಗಿದೆ! ರಕ್ತದ ಯಂತ್ರ, ಅದು ನಿಲ್ಲುವುದು, ಎಲ್ಲವನ್ನೂ ಸಾಲು ಸಾಲಾಗಿ ಕನ್ನಡದಲ್ಲಿ. ಅವರು ಕಣ್ಣು ಮುಚ್ಚಿ ಕೇಳಿದರು. “ಯಂತ್ರ ಉತ್ತರ ಕೊಡುತ್ತಾ ಅಂತ ಸ್ವಲ್ಪ ಹೊತ್ತು ಕಾಯ್ತೀನಿ ಸರ್. ಕೊಡ್ಲಿಲ್ಲಾಂದ್ರೆ ಇಸ್ಕೊಂಡಿದ್ದ ಜಾಗ ವಾಪಸ್ ಕೊಟ್ಬಿಡ್ತೀನಿ” ಎಂದೆ.

“ನಿಲ್ಲು.” ಕಣ್ಣು ತೆರೆಯಲಿಲ್ಲ. “ಖೋಲಿಗೆ ಬೀಗ ಹಾಕುವ ಮೊದ್ಲು ಒಳಗೆ ಯಾರೂ ಇಲ್ಲ ಅಂತ ನೋಡಿದ್ಯಾ?”

ನಾನು ಮನಸ್ಸಿನಲ್ಲೇ ಸಾಲುಗಳನ್ನು ಮತ್ತೆ ಓದತೊಡಗಿದೆ.

“ಯಂತ್ರ ತಡವಾಗಿ ಉತ್ತರ ಕೊಟ್ರೆ? ಉತ್ತರ ತಕೊಂಡು ಬರೀಲಿಕ್ಕೆ ಹೋದವ ಒಳಗೇ ಇದ್ದಾನಲ್ಲ. ನೀನು ಅಷ್ಟರಲ್ಲಿ ಖೋಲಿ ಬೇರೆಯವನಿಗೆ ಕೊಟ್ಟಾಯ್ತು. ಅದು ಯಾರು ಬರ್ದದ್ದು?”

“ನಾನು.”

“ಹಾಗಾದ್ರೆ ನಿನ್ನದ್ದೇ” ಎಂದು ಕೈ ಎತ್ತಿ, ಉಗುರಿಲ್ಲದ ಆ ಬೆರಳನ್ನು ನನ್ನ ಕಡೆ ಚಾಚಿದರು. ಅಂದು ಮೀಟಿಂಗ್ ಕೋಣೆಯಲ್ಲಿ ಚಾಚಿದ ಹಾಗೆಯೇ. ಈ ಸಲ ಅವರು ಹೇಳಿದ್ದು ಸರಿ ಇತ್ತು. ಅವರ ಹೆಂಡತಿ ತಂದ ಚಹಾವನ್ನು ಬಾಯಿ ಸುಡುತ್ತಿದ್ದರೂ ಒಂದೇ ಗುಟುಕಿಗೆ ಕುಡಿದು ಎದ್ದೆ. ಥ್ಯಾಂಕ್ಸ್ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಕೋಡ್ ತೆರೆದು ನೋಡಿದೆ. ಅವರು ಹೇಳಿದ ಜಾಗದಲ್ಲೇ ಇತ್ತು. ಮೀಟಿಂಗಿಗೆ ಹೋದಾಗ ಮರಾಠಿ ಸಹೋದ್ಯೋಗಿ ಮೂಲೆಯಲ್ಲಿ ಕೂತಿದ್ದಳು, ತೀರ್ಪು ಮೊದಲೇ ತಿಳಿದವಳ ಹಾಗೆ. ಹೋಗಿ ಅವಳ ಪಕ್ಕ ಕೂತೆ. ಮ್ಯಾನೇಜರ್ ನನ್ನ ಕಡೆ ತಿರುಗಿದ. ನಾನು ಎದ್ದು ನಿಂತೆ.

“ನಂದು” ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಆ ಕೋಣೆಯಲ್ಲಿ ಕನ್ನಡದವರೇ ಇರಲಿಲ್ಲ. “ಮೇರಾ ಹೈ. ಇವಳದ್ದಲ್ಲ, ನಾನು ಬರೆದದ್ದರಲ್ಲೇ ತಪ್ಪಿದೆ” ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಆಕಾಶ ಕಳಚಿ ಬೀಳುತ್ತದೆಂದು ಕಾದೆ. ಮ್ಯಾನೇಜರ್, “ಠೀಕ್ ಹೈ, ಕಬ್ ತಕ್ ಹೋಗಾ?” ಎಂದ. ಸಂಜೆಯೊಳಗೆ ಎಂದೆ. ಚಹಾ ಬಂತು. ಮಾತು ಮುಂದಿನ ವಿಷಯಕ್ಕೆ ಹೋಯಿತು. ಸಹೋದ್ಯೋಗಿ ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿ ಬಿಟ್ಟಳು.

ಇಷ್ಟೇನಾ? ವಾಶ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಒಂದು ಗುಟುಕು ಚಹಾ ಕುಡಿಯುವುದಕ್ಕಿಂತ ಸುಲಭವಿತ್ತು ಆ ಒಂದು ಮಾತು!

ಸರ್ ಅದಾದ ಸ್ವಲ್ಪ ದಿನಕ್ಕೆ ತೀರಿಕೊಂಡರು. ಹಳೇ ಆಫೀಸಿನವರೆಲ್ಲ ಫೋರ್ಟಿನ ಅದೇ ಮೀಟಿಂಗ್ ಕೋಣೆಯಲ್ಲಿ ಸೇರಿದರು. ಫೋಟೋಕ್ಕೆ ಹಾರ, ಮುಂದೆ ಊದಿನಕಡ್ಡಿ. ಒಬ್ಬೊಬ್ಬರೇ ಎದ್ದು ಹೊಗಳಿದರು. ನನ್ನ ಸರದಿ ಬಂತು. ಅವರ ಹೆಂಡತಿ ಎದುರಿಗೇ ಕೂತು ನನ್ನನ್ನು ನೋಡುತ್ತಿದ್ದರು. ಅಲ್ಲೇ ಹೇಳಿಬಿಡಬಹುದಿತ್ತು, ಅಂದು ನನ್ನನ್ನು ನೋಡಿದವರಲ್ಲಿ ಹೆಚ್ಚಿನವರು ಅಲ್ಲಿದ್ದರು. “ನನಗೆ ಕೆಲಸ ಕಲಿಸಿದ್ದು ಇವರು. ನಾನು ಇವತ್ತು ತಿನ್ನೋ ಅನ್ನ ಆ ಕೆಲಸದ್ದು” ಎಂದು ಹೇಳಿ ಕೂತೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಈ ಕನ್ನಡವನ್ನೂ ಅರ್ಧ ಅವರೇ ಕಲಿಸಿದ್ದು, ಅದನ್ನೂ ಸೇರಿಸಿ ಹೇಳಬಹುದಿತ್ತು.

ಲೋಕಲ್ ರೈಲಿನಲ್ಲಿ ಮನೆಗೆ ಬರುತ್ತ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ಇಷ್ಟು ವರ್ಷ ನಾನು ಅಂದುಕೊಂಡಿದ್ದು, ಅವರಿಗೆ ಅಂದು ಆ ಮಾತು ಹೇಳುವುದು ಬಹಳ ಕಷ್ಟವಾಗಿದ್ದಿರಬೇಕು, ವಯಸ್ಸಾದ ಮನುಷ್ಯ, ಹೆದರಿದ್ದಿರಬೇಕು ಎಂದು. ಅವರನ್ನು ಸಹಿಸಿಕೊಳ್ಳಲು ಅದೊಂದು ನೆಪ ನನ್ನ ಬಳಿ ಉಳಿದಿತ್ತು. ಅದೇ ಕೆಲಸ ನಾನು ಮಾಡಿ ನೋಡಿದ ಮೇಲೆ ಆ ನೆಪವೂ ಹೋಯಿತು. ಕಷ್ಟದ್ದಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ.